ಸೊಲೋನ್ಯ ಕಾಡಿನಲ್ಲಿ ಗ್ರಾವೆಲ್ ಬೈಕ್: ಸಮತಟ್ಟು ನೆಲ ಅಂದರೆ ದಿನಕ್ಕೆ 120 ಕಿ.ಮೀ. ಆಗುತ್ತಾ?

ಪ್ಯಾರಿಸ್‌ನಲ್ಲಿ ಕೆಲಸ, ಹೊಸ ಗ್ರಾವೆಲ್ ಬೈಕ್ (ಮಣ್ಣು-ಜಲ್ಲಿ ದಾರಿಗೆ ಅಂತ ಮಾಡಿದ ದಪ್ಪ ಟೈರಿನ ಸೈಕಲ್), ಅಕ್ಟೋಬರ್‌ನ ಒಂದು ವೀಕೆಂಡ್, ಫ್ರಾನ್ಸ್‌ನ ಓರ್ಲಿಯಾನ್ ಊರಿನ ದಕ್ಷಿಣಕ್ಕಿರುವ ಸೊಲೋನ್ಯ ಕಾಡು. ನಂದಿ ಬೆಟ್ಟ ಹತ್ತಿ ಅಭ್ಯಾಸ ಇದೆ, ಅಲ್ಲಿ ಏರೇ ಇಲ್ಲವಲ್ಲ, 120 ಆರಾಮಾಗಿ ಆಗುತ್ತೆ ಅಲ್ವಾ, ಟೈರ್ 38 ಮಿ.ಮೀ. ಅಗಲ ಸಾಕಾ 45 ಬೇಕಾ ಅಂತ ಕೇಳಿದ್ದೀರಿ. ಓದುತ್ತಾ ನಗು ಬಂತು. ಇದೇ ಲೆಕ್ಕ ನಾನೂ ಹಾಕಿದ್ದೆ, ನಂದಿ ಬೆಟ್ಟದ ಸಮೇತ.

ನಾನು ಮತ್ತು ಒಬ್ಬ ಗೆಳೆಯ ಬೆಳಗಿನ ರೈಲಿಗೆ ಔಸ್ಟರ್‌ಲಿಟ್ಜ್ ಸ್ಟೇಷನ್ನಿಂದ ಹೊರಟೆವು. ಓರ್ಲಿಯಾನ್ ದಾಟಿ ಲಾ ಫೆರ್ತೆ-ಸೆಂತ್-ಒಬೆಂನಲ್ಲಿ ಇಳಿದೆವು. ಅಲ್ಲಿಂದ ಪಶ್ಚಿಮಕ್ಕೆ, ಕಾಡಿನೊಳಗೇ ಸುತ್ತಿ ಬಳಸಿ ಶಾಂಬೋರ್ ಅರಮನೆ, ಆಮೇಲೆ ಲ್ವಾರ್ ನದಿ ದಂಡೆ ಹಿಡಿದು ಬ್ಲ್ವಾ. ಬ್ಲ್ವಾದಲ್ಲಿ ರೂಮ್ ಬುಕ್ ಆಗಿತ್ತು, ಕ್ಯಾನ್ಸಲ್ ಮಾಡಿದರೆ ಒಂದು ಪೈಸೆಯೂ ವಾಪಸ್ ಬರದ ಅಗ್ಗದ ರೇಟಿನದು. ಡಾಂಬರು ರಸ್ತೆಯಲ್ಲಿ ಹೋಗಿದ್ದರೆ ಅರ್ಧ ದಿನದ ದಾರಿ ಅಷ್ಟೇ. ಆದರೆ ಗ್ರಾವೆಲ್ ಬೈಕ್ ತಗೊಂಡು ಡಾಂಬರಿನ ಮೇಲೆ ಹೋಗೋದಾ, ಅದೂ ನಾವು?

ಮೊದಲ ಒಂದು ಗಂಟೆ ಏನೂ ತೊಂದರೆ ಇರಲಿಲ್ಲ. ಓಕ್, ಪೈನ್, ಬರ್ಚ್ ಮರಗಳು, ಕೆಳಗೆ ಒಣಗಿ ಕೆಂಪಾದ ಜರಿಗಿಡ, ನಡುನಡುವೆ ಕೆರೆ. ಲಿನ್ಯಿ-ಲ-ರಿಬೋ ಊರು ದಾಟಿದ ಮೇಲೆ ಫೋನಿನಲ್ಲಿ ದಾರಿ ತೋರಿಸೋ ಆಪ್ ಎಡಕ್ಕೆ ತಿರುಗಿ ಅಂತು, ತಿರುಗಿದೆವು. ನೂಲು ಹಿಡಿದ ಹಾಗೆ ನೇರ ದಾರಿ. ಅದರ ತುದಿಗೆ ಗೇಟು. ಹಸಿರು ಬಣ್ಣದ ಕಬ್ಬಿಣದ್ದು, ಬಣ್ಣ ಅಲ್ಲಲ್ಲಿ ಎದ್ದಿತ್ತು, ಆದರೆ ಸರಪಳಿಗೆ ಹಾಕಿದ್ದ ಬೀಗ ಮಾತ್ರ ಹೊಚ್ಚ ಹೊಸದು. ಖಾಸಗಿ ಆಸ್ತಿ, ಒಳಗೆ ಬರಬೇಡಿ ಅನ್ನೋ ಬೋರ್ಡು. ಎರಡೂ ಕಡೆ ಆಳೆತ್ತರದ ತಂತಿ ಬಲೆ, ಬುಡ ಮಣ್ಣಿನಲ್ಲಿ ಹೂತಿದೆ. ಆಚೆ ಬದಿಯಲ್ಲಿ ಕಾಡುಹಂದಿಯೊಂದು ನೆಲ ಕೆದಕುತ್ತಾ ನಿಂತಿತ್ತು. ನಮ್ಮನ್ನು ನೋಡಿಯೂ ಓಡಲಿಲ್ಲ. ನಾವು ಒಳಗೆ ಬರಲ್ಲ ಅಂತ ಅದಕ್ಕೆ ಗೊತ್ತಿತ್ತು ಅನ್ಸುತ್ತೆ.

ವಾಪಸ್ ಬಂದು ಇನ್ನೊಂದು ದಾರಿ ಹಿಡಿದೆವು. ಅಲ್ಲೂ ಗೇಟು. ಬೇಲಿ ಪಕ್ಕದಲ್ಲೇ ಹೋಗೋಣ ಅಂತ ಹೊರಟರೆ ಬರೀ ಮರಳು, ಮುಂದಿನ ಚಕ್ರ ಹೂತುಕೊಂಡು ಹ್ಯಾಂಡಲ್ ತಾನಾಗಿ ತಿರುಗುತ್ತೆ, ಇಳಿದು ತಳ್ಳಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ಕತ್ತಲಾಗುವ ಹೊತ್ತಿಗೆ ಶಾಂಬೋರ್ ಹಾಗಿರಲಿ, ಅರ್ಧ ದಾರಿಯ ಊರೂ ಸಿಕ್ಕಿರಲಿಲ್ಲ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ, ದೀಪವೂ ಸಣ್ಣದು. ಸುಮ್ನೆ ಡಾಂಬರು ರಸ್ತೆ ಹಿಡಿದು ಹೊರಟ ಸ್ಟೇಷನ್ನಿಗೇ ವಾಪಸ್ ಬಂದು ಪ್ಯಾರಿಸ್ ರೈಲು ಹತ್ತಿದೆವು. ಬ್ಲ್ವಾದ ರೂಮಿನ ದುಡ್ಡು ನೀರುಪಾಲು.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಅಲ್ಲೇ ಹೋಗ್ತಿದ್ದೀರಿ. ನಾನು ಮ್ಯಾಪ್‌ನಲ್ಲಿ ಗೆರೆ ಕಂಡರೆ ಅದು ದಾರಿ ಅಂದುಕೊಂಡೆ. ಆಪ್‌ಗೆ ನೆಲದ ಮೇಲೆ ದಾರಿ ಇದೆಯಾ ಅನ್ನೋದು ಗೊತ್ತು, ಅದು ಯಾರದು ಅನ್ನೋದು ಎಷ್ಟೋ ಸಲ ಗೊತ್ತಿರಲ್ಲ. ಸೊಲೋನ್ಯದ ಕಾಡು ಬಹುಪಾಲು ಖಾಸಗಿಯವರದು, ಬೇಟೆಗಾಗಿ ಇಟ್ಟುಕೊಂಡ ದೊಡ್ಡ ದೊಡ್ಡ ಎಸ್ಟೇಟ್‌ಗಳು. ಒಳಗಿನ ದಾರಿಗಳೆಲ್ಲ ನೇರ, ನಾಲ್ಕೈದು ದಾರಿ ಬಂದು ಒಂದೇ ಕಡೆ ಕೂಡುತ್ತವೆ, ಮೇಲಿಂದ ನೋಡಿದರೆ ನಕ್ಷತ್ರ. ಖಾಸಗಿ ಕಾಡಿನಲ್ಲಿ ಆ ನಕ್ಷತ್ರ ಕಂಡರೆ ಎಸ್ಟೇಟ್ ಇರಬೇಕು ಅಂತ ಅನುಮಾನ ಪಡಿ. ಊರಿಂದ ಊರಿಗೆ ಸೊಟ್ಟಪಟ್ಟ ಹೋಗುವ ಹಳೇ ಹಾದಿಗಳು ಇವೆಯಲ್ಲ, ಪಂಚಾಯ್ತಿಯದ್ದು ಸಾಮಾನ್ಯವಾಗಿ ಅವು. ನಾನು ಸೊಟ್ಟ ಹಾದಿಗಳನ್ನೆಲ್ಲ ಅಳಿಸಿ, ಬೇಗ ಆಗುತ್ತೆ ಅಂತ ನೇರ ಗೆರೆಗಳನ್ನೇ ಆರಿಸಿದ್ದೆ! ಫ್ರಾನ್ಸ್‌ನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನವರ 1:25,000 ಮ್ಯಾಪ್ ಪಕ್ಕದಲ್ಲಿಟ್ಟು ನೋಡಿ. ಕೆಂಪು-ಬಿಳಿ ಪಟ್ಟಿಯ ನಡಿಗೆ ದಾರಿಗಳು ಅದರಲ್ಲಿ ಇರುತ್ತವೆ, ಅಲ್ಲಿ ಗೇಟಿನ ಕಾಟ ಕಡಿಮೆ.

ಬೇಲಿ ಹಾರಿ ಹೋದರಾಯ್ತು ಅಂತ ನನ್ನ ಗೆಳೆಯನೂ ಅಂದಿದ್ದ. ಬೇಡ. 2023ರ ಫೆಬ್ರವರಿಯಲ್ಲಿ ಬಂದ ಕಾನೂನು ಬೇಲಿ 1.2 ಮೀಟರಿಗಿಂತ ಎತ್ತರ ಇರಬಾರದು, ಪ್ರಾಣಿಗಳು ನುಸುಳೋಕೆ ಕೆಳಗೆ 30 ಸೆಂ.ಮೀ. ಬಿಡಬೇಕು ಅಂತ ಹೇಳಿತು, ಹಳೇ ಬೇಲಿಗಳಲ್ಲೂ ಹೆಚ್ಚಿನವನ್ನು ಬದಲಿಸೋಕೆ 2027ರ ಜನವರಿ ತನಕ ಗಡುವು. ಅದೇ ಕಾನೂನು ಬೋರ್ಡು ಹಾಕಿದ ಖಾಸಗಿ ಕಾಡಿಗೆ ನುಗ್ಗಿದರೆ ದಂಡ ಅಂತಲೂ ಮಾಡಿತು. ಬೇಲಿ ಗಿಡ್ಡ ಆಯ್ತು ಅಂದ್ರೆ ದಾರಿ ನಮ್ಮದಾಯ್ತು ಅಂತಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ಸಲ್ಲ. ಏರು ಇಲ್ಲ ನಿಜ. ಆದರೆ ಏರು ಇಲ್ಲ ಅಂದ್ರೆ ಇಳಿಜಾರೂ ಇಲ್ಲ, ಪೆಡಲ್ ನಿಲ್ಲಿಸಿ ಉಸಿರು ತಗೊಳ್ಳೋ ಜಾಗವೇ ಇಲ್ಲ. ನಂದಿಯಲ್ಲಿ ಹತ್ತಿದ್ದಕ್ಕೆ ಇಳಿಯುವಾಗ ಕೂಲಿ ಸಿಗುತ್ತೆ, ಇಲ್ಲಿ ಸಿಗಲ್ಲ. ಮರಳು, ಕೆಸರು, ದಾರಿ ಹುಡುಕಾಟ ಸೇರಿ 70 ಕಿ.ಮೀ. ಆದರೆ ಅದೇ ತುಂಬಿದ ದಿನ. 120 ಬೇಕಿದ್ದರೆ ರೋಡ್ ಬೈಕ್ ತಗೊಂಡು ಲ್ವಾರ್ ದಂಡೆಗೆ ಹೋಗಿ. ಟೈರ್ 45 ಹಾಕಿ, ಗಾಳಿ ಕಡಿಮೆ ಇಡಿ, ಆ ವಿಷಯ ಅಷ್ಟೇ.

ಇನ್ನೊಂದು, ಅಕ್ಟೋಬರ್ ವೀಕೆಂಡ್ ಅಂದ್ರೆ ಬೇಟೆ ಕಾಲ. ಸೆಪ್ಟೆಂಬರಿಂದ ಫೆಬ್ರವರಿ ಕೊನೆವರೆಗೆ, ಅದರಲ್ಲೂ ಶನಿವಾರ ಭಾನುವಾರ, ಗುಂಪು ಕಟ್ಟಿಕೊಂಡು ಹಂದಿ ಜಿಂಕೆ ಓಡಿಸ್ತಾರೆ. ದಾರಿಯಲ್ಲಿ ಬೇಟೆ ನಡೀತಿದೆ ಅನ್ನೋ ಬೋರ್ಡು ಕಂಡರೆ ಧೈರ್ಯ ತೋರಿಸೋಕೆ ಹೋಗಬೇಡಿ, ತಿರುಗಿ ಬನ್ನಿ. ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಳ್ಳಿ. ರಜೆ ಹಾಕೋಕೆ ಆದರೆ ವಾರದ ನಡುವೆ ಹೋಗಿ, ಸೋಮವಾರ ಮಾತ್ರ ಬೇಡ, ಹಳ್ಳಿ ಬೇಕರಿಗಳು ಎಷ್ಟೋ ಕಡೆ ಅವತ್ತು ಮುಚ್ಚಿರುತ್ತವೆ. ನೀರಿಗೆ ಊರಿನ ಸ್ಮಶಾನದಲ್ಲಿ ನಲ್ಲಿ ಇರುತ್ತೆ, ಕುಡಿಯಬಾರದು ಅಂತ ಬರೆದಿಲ್ಲದಿದ್ದರೆ ಎಲ್ಲ ಸೈಕಲ್‌ನವರೂ ಅಲ್ಲೇ ಹಿಡ್ಕೋತಾರೆ. (ಊರಲ್ಲಿ ಅಮ್ಮನಿಗೆ ಈ ವಿಷಯ ಹೇಳಿಲ್ಲ.) ರಾತ್ರಿ ಕಾಲಲ್ಲಿ ಉಣುಗು ಕಚ್ಚಿದೆಯಾ ನೋಡ್ಕೊಳ್ಳಿ, ಲೈಮ್ ಕಾಯಿಲೆ ತರುತ್ತೆ.

ಸೊಲೋನ್ಯವೇ ಬೇಕು ಅಂದ್ರೆ ಲಾಮೊತ್-ಬ್ಯೂವ್ರೊಂನಲ್ಲಿ ಇಳಿದು ಸೋಡ್ರ್ ಕಾಲುವೆ ದಂಡೆ ಹಿಡೀರಿ. 19ನೇ ಶತಮಾನದಲ್ಲಿ ಈ ಬಡ ಮರಳು ನೆಲಕ್ಕೆ ಸುಣ್ಣದ ಮಣ್ಣು ತಂದು ಹಾಕೋಕೆ ತೋಡಿದ ಕಾಲುವೆ ಅದು, ಬ್ಲಾಂಕಾಫೋರ್ ತನಕ 47 ಕಿ.ಮೀ. ನೀರು ಪಕ್ಕದಲ್ಲೇ ಇರುತ್ತೆ, ದಾರಿ ತಪ್ಪೋ ಪ್ರಶ್ನೆ ಇಲ್ಲ. ಬರೀ ಕಾಡು ಸಾಕು ಅಂದ್ರೆ ಲ್ವಾರ್‌ನ ಆಚೆ ದಡದ ಓರ್ಲಿಯಾನ್ ಕಾಡಿಗೆ ಹೋಗಿ, ಸುಮಾರು 35,000 ಹೆಕ್ಟೇರ್ ಸರ್ಕಾರಿ ಕಾಡು, ನೇರ ದಾರಿಗಳಲ್ಲೂ ಧೈರ್ಯವಾಗಿ ನುಗ್ಗಬಹುದು. ನಾನಾಗಿದ್ದರೆ ಮೊದಲ ಸಲಕ್ಕೆ ಅದನ್ನೇ ಆರಿಸ್ತಿದ್ದೆ. ರೂಮ್ ಮಾತ್ರ ಕ್ಯಾನ್ಸಲ್ ಆಗೋದನ್ನೇ ಬುಕ್ ಮಾಡಿ, ಹತ್ತು ಯೂರೋ ಜಾಸ್ತಿ ಆದರೂ.