ಒಂದೇ ದಿನದಲ್ಲಿ ಜಿನೋವಾವನ್ನು ಅವಸರವಿಲ್ಲದೆ ನೋಡಲು ಸಾಧ್ಯವೇ?

ಮಿಲಾನಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ, ಒಂದು ದಿನ ಜಿನೋವಾಕ್ಕೆ ಹೋಗುವ ಆಸೆ, ಆದರೆ ಯಜಮಾನರಿಗೆ ಏರು ಹತ್ತಿದರೆ ಏದುಸಿರು ಬರುತ್ತದೆ, ಏನು ನೋಡಬೇಕು, ಏನು ಬಿಡಬೇಕು ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ ಬನ್ನಿ. ನಾನು ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಇದೇ ತೊಂದರೆ. ಬೆಟ್ಟಕ್ಕೂ ಕಡಲಿಗೂ ನಡುವೆ ಒತ್ತಿಕೊಂಡು ಬೆಳೆದ ಊರು ಅದು. ನಾನು ತಿಳಿಯದೆ ಬಂದರಿನಿಂದ ಮೇಲಕ್ಕೆ ನಡೆಸಿ ಬೈಸಿಕೊಂಡೆ. ನೀವು ಮೇಲಿನಿಂದ ಕೆಳಕ್ಕೆ ಬನ್ನಿ.

ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಪ್ರಿಂಚಿಪೆ ನಿಲ್ದಾಣದಲ್ಲಿ ಇಳಿದು ಮೆಟ್ರೊ ಹಿಡಿದರೆ ದೊಡ್ಡ ಕಾರಂಜಿಯಿರುವ ದೆ ಫೆರ್ರಾರಿ ಚೌಕ. ಅಲ್ಲಿಂದ ಬಂದರಿಗೆ ಇಳಿಯುವ ದಾರಿಯಲ್ಲೇ ಸಾನ್ ಲೊರೆಂತ್ಸೊ ಕೆಥೆಡ್ರಲ್ ಸಿಗುತ್ತದೆ. ಹೊರಗೆ ಕಪ್ಪು ಬಿಳುಪಿನ ಪಟ್ಟೆ, ಒಳಗೆ ತಂಪು ಕತ್ತಲೆ. ಬಲಬದಿಯಲ್ಲಿ ಒಂದು ಫಿರಂಗಿ ಗುಂಡನ್ನು ನಿಲ್ಲಿಸಿದ್ದಾರೆ, ಸೊಂಟಕ್ಕಿಂತ ಎತ್ತರ. 1941ರ ಫೆಬ್ರವರಿ 9ರಂದು ಬ್ರಿಟಿಷ್ ಯುದ್ಧನೌಕೆಗಳು ಊರಿನ ಮೇಲೆ ದಾಳಿ ಮಾಡಿದಾಗ ಒಂದು ಗುಂಡು ಈ ಗೋಡೆಯನ್ನು ತೂರಿ ಬಂದು ಸಿಡಿಯದೆ ಬಿದ್ದಿತು. ಪಕ್ಕದ ಕಲ್ಲಿನ ಬರಹ ಮೇರಿ ಮಾತೆಯ ಕೃಪೆಯನ್ನು ನೆನೆಯುತ್ತದೆ. ಅಮ್ಮ ಕೈಮುಗಿದರು. ಯಾರಿಗೆ ಎಂದು ಕೇಳಿದರೆ, "ಸಿಡಿಯಲಿಲ್ಲವಲ್ಲ, ಅದಕ್ಕೆ" ಎಂದರು.

ಬಂದರಿನ ಹತ್ತಿರ ಹೊರಗೋಡೆಯ ತುಂಬ ಚಿತ್ರ ಬರೆದಿರುವ ಸಾನ್ ಜೋರ್ಜೊ ಅರಮನೆಯನ್ನು ನಿಂತು ನೋಡಿ. ಅದರ ಹಳೆಯ ಭಾಗ 1260ರ ಕಾಲದ್ದು. 1298ರ ಸುಮಾರಿಗೆ ಜಿನೋವಾದವರ ಸೆರೆಯಲ್ಲಿದ್ದ ಮಾರ್ಕೊ ಪೋಲೊ ತನ್ನ ಪ್ರವಾಸದ ಕಥೆಯನ್ನು ಸಹಬಂದಿಗೆ ಹೇಳಿ ಬರೆಸಿದ್ದು ಇಲ್ಲೇ ಎಂಬ ಪ್ರತೀತಿಯಿದೆ. ಅದರ ಮುಂದೆಯೇ ಹಾದುಹೋಗುವ ಮೇಲ್ಸೇತುವೆ ನೋಡಿದರೆ ನಮ್ಮವರೇ ಕಟ್ಟಿದರೇನೋ ಎನಿಸುತ್ತದೆ. 1992ರಲ್ಲಿ ತೆರೆದ ಅಕ್ವೇರಿಯಂ ಚೆನ್ನಾಗಿದೆ, ಆದರೆ ಅರ್ಧ ದಿನ ನುಂಗುತ್ತದೆ. ಮೊಮ್ಮಕ್ಕಳು ಜೊತೆಗಿಲ್ಲದಿದ್ದರೆ ಬಿಡಿ. ಕೊಲಂಬಸ್ ಮನೆಯನ್ನೂ ಬಿಡಿ, ಈಗಿರುವುದು 18ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಉಳಿಸಿದ ಸಮಯವನ್ನು ಊಟಕ್ಕೆ ಕೊಡಿ. ಹಳೆಯ ಓಣಿಗಳಲ್ಲಿ ಫರಿನಾತಾ ಮಾಡುವ ಅಂಗಡಿಗಳಿವೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಬಂಡಿಚಕ್ರದಂಥ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಯಿದ್ದಾಗಲೇ ತಿನ್ನಬೇಕು, ಆರಿದರೆ ಚರ್ಮ. ಒಗ್ಗರಣೆಯೊಂದು ಕಡಿಮೆ ಎಂದು ಅಮ್ಮ ತೀರ್ಪು ಕೊಟ್ಟು ಎರಡನೆಯ ತುಂಡು ತರಿಸಿಕೊಂಡರು. ಬೇಸಿಲ್ ಎಲೆ ಅರೆದು ಮಾಡುವ ಚಟ್ನಿಯಂಥ ಪೆಸ್ತೊ ಕೂಡ ಈ ಊರಿನದೇ. ಹುರುಳಿಕಾಯಿ, ಆಲೂಗಡ್ಡೆ ಹಾಕಿದ ಪಾಸ್ತಾದೊಂದಿಗೆ ಕೇಳಿ.

ಊಟದ ನಂತರ ನಡೆಯಬೇಡಿ, ಟ್ಯಾಕ್ಸಿ ಹಿಡಿದು ಗರಿಬಾಲ್ಡಿ ಬೀದಿಗೆ ಹೋಗಿ. ಸಮತಟ್ಟಾದ, ಸುಮಾರು 250 ಮೀಟರಿನ ಬೀದಿ, ಎರಡೂ ಕಡೆ ಸಿರಿವಂತರ ಅರಮನೆಗಳು. ಜಿನೋವಾ ಸ್ವತಂತ್ರ ಗಣರಾಜ್ಯವಾಗಿದ್ದ ಕಾಲದಲ್ಲಿ ರಾಜ ಅತಿಥಿಗಳು ಬಂದರೆ ಯಾರ ಮನೆಯಲ್ಲಿ ಇಳಿಸಬೇಕೆಂದು ಪಟ್ಟಿಯಿಂದ ಚೀಟಿ ಎತ್ತುತ್ತಿದ್ದರಂತೆ. ಆ ಪಟ್ಟಿಯ ಮನೆಗಳಲ್ಲಿ 42 ಈಗ ಯುನೆಸ್ಕೊ ಪರಂಪರೆಯ ತಾಣದಲ್ಲಿ ಸೇರಿವೆ. ಒಳಗೆ ಹೋಗುವ ಇಷ್ಟವಿದ್ದರೆ ಸೋಮವಾರ ಬೇಡ, ವಸ್ತುಸಂಗ್ರಹಾಲಯಗಳಿಗೆ ರಜೆಯಿರುತ್ತದೆ.

ಕೊನೆಯದು ಕಾಸ್ತೆಲ್ಲೆತ್ತೊ, ಊರನ್ನು ಮೇಲಿನಿಂದ ನೋಡುವ ಗುಡ್ಡದ ಜಾಗ. ಬೀದಿಯ ಪಕ್ಕದ ಪೋರ್ತೆಲ್ಲೊ ಚೌಕದಲ್ಲಿ ಸುರಂಗದೊಳಗೆ ಸ್ವಲ್ಪ ನಡೆದರೆ ಊರಿನ ಸಾರ್ವಜನಿಕ ಲಿಫ್ಟ್ ಇದೆ. ಹಾಲಿನ ಚೀಲ ಹಿಡಿದ ಅಜ್ಜಿಯರ ನಡುವೆ ನಿಂತು ಮೇಲೆ ಹೋದರೆ, ಕಾಲ ಕೆಳಗೆ ಬೂದುಬಣ್ಣದ ಕಲ್ಲುಚಪ್ಪಡಿಯ ಮಾಡುಗಳು, ಆಚೆಗೆ ಹಡಗುಗಳು, ಬಲಕ್ಕೆ ದೂರದಲ್ಲಿ 1543ರಲ್ಲಿ ಮತ್ತೆ ಕಟ್ಟಿದ 77 ಮೀಟರ್ ಎತ್ತರದ ದೀಪಸ್ತಂಭ. ಕೂರಲು ಬೆಂಚುಗಳಿವೆ. ದೀಪ ಹೊತ್ತಿಕೊಳ್ಳುವವರೆಗೆ ಏಳುವುದಿಲ್ಲ ಎಂದು ಅಮ್ಮ ಹಟ ಹಿಡಿದು ನಮ್ಮ ರೈಲು ತಪ್ಪಿತು. ನೀವು ಸಂಜೆಯ ಟಿಕೆಟ್ಟನ್ನು ಒಂದು ಗಂಟೆ ತಡವಾಗಿಯೇ ಕಾಯ್ದಿರಿಸಿ.