ಎಚ್ಚರ ಆಗುವ ಉಪಾಯ ಹುಡುಕಬೇಡಿ

ಕೆಟ್ಟ ಕನಸು ಬಿದ್ದಾಗ ಒಳಗಿನಿಂದಲೇ ಇದು ಕನಸು ಅಂತ ಗೊತ್ತಾಗುತ್ತದೆ, ಆದರೂ ಹೆದರಿಕೆ ಹೋಗುವುದಿಲ್ಲ, ತಕ್ಷಣ ಎಚ್ಚರ ಆಗಲು ಏನಾದರೂ ಉಪಾಯ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಅದನ್ನು ಹೇಳಿಕೊಡುವ ಮನಸ್ಸು ನನಗಿಲ್ಲ. ಆ ಉಪಾಯವನ್ನೇ ಕಲಿತು ನಾನು ಒಂದು ಇಡೀ ಬೇಸಿಗೆಯ ನಿದ್ದೆ ಕಳೆದುಕೊಂಡೆ.

ನಮ್ಮದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಊರು. 2020ರ ಅಕ್ಟೋಬರ್‌ನಲ್ಲಿ ಇಲ್ಲಿ ಒಂದೇ ಸಮನೆ ಮಳೆ, ಮೇಲೆ ಮಹಾರಾಷ್ಟ್ರದಲ್ಲಿ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು, ಎರಡೂ ಸೇರಿ ಹೊಳೆ ಊರೊಳಗೆ ಬಂತು. ಆಳೆತ್ತರ ನಿಂತಿದ್ದ ತೊಗರಿ ಮುಳುಗಿತು. ಮನೆಗೆ ನೀರು ನುಗ್ಗಿದಾಗ ಅವ್ವ ಮಾಳಿಗೆ ಮೇಲಿದ್ದಳು, ನಾನು ಕೆಳಗೆ ಜೋಳದ ಚೀಲ ಎತ್ತಿಡುತ್ತಿದ್ದೆ. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ದಿನ ಕಾಳಜಿ ಕೇಂದ್ರದಲ್ಲಿ ಇದ್ದೆವು, ವಾಪಸ್ ಬಂದು ಕೆಸರು ಬಳಿದೆವು, ಆಮೇಲೆ ನಾನು ಕಲಬುರಗಿಗೆ ಬಂದು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯಲು ಸೇರಿದೆ. ಕನಸು ಶುರುವಾಗಿದ್ದು ಆಗ, ಎಲ್ಲ ಸರಿ ಹೋದ ಮೇಲೆ.

ಪ್ರತಿ ಸಲ ಅದೇ ಕನಸು. ಹೊಸ್ತಿಲ ಸಂದಿಯಿಂದ ಕೆಸರು ನೀರು ಬರುತ್ತದೆ, ಅವ್ವ ಮೇಲಿಂದ ಕೂಗುತ್ತಾಳೆ, ನಾನು ನಿಚ್ಚಣಿಕೆ ಹತ್ತುತ್ತೇನೆ, ಹತ್ತಿದಷ್ಟೂ ಮೆಟ್ಟಿಲು ಮುಗಿಯುವುದಿಲ್ಲ. ಒಂದು ರಾತ್ರಿ ಹತ್ತುತ್ತಾ ಇದ್ದಾಗಲೇ ಹೊಳೆಯಿತು, ಈ ನಿಚ್ಚಣಿಕೆ ಆವತ್ತೇ ನೀರಲ್ಲಿ ಕೊಚ್ಚಿ ಹೋಯಿತಲ್ಲ, ಇದು ಎಲ್ಲಿಂದ ಬಂತು? ಹಾಗಾದರೆ ಇದು ಕನಸು. ಅವತ್ತಿನಿಂದ ನಿಮ್ಮ ಹಾಗೇ ನನಗೂ ಪ್ರತಿ ಸಲ ಗೊತ್ತಾಗತೊಡಗಿತು. ನೀವು ಕೇಳಿದ್ದನ್ನೇ ನಾನೂ ಕೇಳಿಕೊಂಡೆ: ಗೊತ್ತಿದೆ ಅಂದ ಮೇಲೆ ಇಲ್ಲಿ ಯಾಕೆ ನಿಲ್ಲಬೇಕು, ಎದ್ದು ಹೋಗೋಣ.

ನನ್ನ ತಪ್ಪು ಇದೇ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ನೀವು ಈಗ ಇದೇ ತಪ್ಪಿನ ಬಾಗಿಲಲ್ಲಿ ನಿಂತಿದ್ದೀರಿ.

ಕನಸಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರೆ ಎಚ್ಚರ ಆಗುತ್ತದೆ, ಜೋರಾಗಿ ಕೂಗಿದರೆ ಆಗುತ್ತದೆ, ಎತ್ತರದಿಂದ ಜಿಗಿದರೆ ಆಗುತ್ತದೆ ಅಂತ ಎಲ್ಲೆಲ್ಲೋ ಓದಿದೆ. ಮಾಡಿದೆ. ಕೆಲವು ಸಲ ಎಚ್ಚರವೂ ಆಯಿತು. ಆದರೆ ಎದ್ದಾಗ ಕೈಕಾಲು ಆಡುತ್ತಿರಲಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ ಭಾರ, ಕೂಗಲು ಬಾಯಿ ಬರುತ್ತಿರಲಿಲ್ಲ. ಅವ್ವನಿಗೆ ಹೇಳಿದಾಗ "ಎದಿ ಮ್ಯಾಲ ದೆವ್ವ ಕುಂತಿರ್ತದ ಯಪ್ಪಾ, ಅದಕ್ಕೇ ಕೈಕಾಲು ಆಡಂಗಿಲ್ಲ" ಅಂದು ತಾಯಿತ ಕಟ್ಟಿಸಿದಳು. ಆಮೇಲೆ ಡಾಕ್ಟರು ವಿವರಿಸಿದರು. ಜಾಸ್ತಿ ಕನಸು ಬೀಳುವುದು ರೆಮ್ ಅನ್ನುವ ನಿದ್ದೆಯಲ್ಲಿ. ಆಗ ಕಣ್ಣುಗುಡ್ಡೆ ಮುಚ್ಚಿದ ರೆಪ್ಪೆಯೊಳಗೆ ಓಡಾಡುತ್ತಿರುತ್ತದೆ, ಮೈಯ ಸ್ನಾಯುಗಳನ್ನು ಮಾತ್ರ ಮೆದುಳು ಸಡಿಲ ಬಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದ್ದನ್ನು ಹಾಸಿಗೆಯಲ್ಲೂ ಓಡುತ್ತೇವೆ. ಮನಸ್ಸು ಮೊದಲು ಎದ್ದು ಮೈ ಇನ್ನೂ ಎದ್ದಿರದಿದ್ದರೆ ಹೀಗೆ ಕಟ್ಟಿ ಹಾಕಿದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ. ಆದರೆ ಕತ್ತಲಲ್ಲಿ ಆ ಸ್ವಲ್ಪ ಹೊತ್ತು ಕಳೆಯುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಇನ್ನು ಕೆಲವು ಸಲ ಎಚ್ಚರ ಆದ ಹಾಗೆ ಆಗುತ್ತಿತ್ತು, ಆಗಿರುತ್ತಿರಲಿಲ್ಲ. ಹಾಸಿಗೆಯಿಂದ ಏಳುತ್ತೇನೆ, ನಮ್ಮದೇ ರೂಮು, ಅದೇ ಶಹಾಬಾದ್ ಕಲ್ಲಿನ ನೆಲ ಕಾಲಿಗೆ ತಣ್ಣಗೆ ತಾಗುತ್ತದೆ, ಹೋಗಿ ಸ್ವಿಚ್ ಒತ್ತುತ್ತೇನೆ, ಲೈಟು ಹತ್ತುವುದಿಲ್ಲ. ಕರೆಂಟು ಹೋಗಿದೆ ಅಂದುಕೊಳ್ಳುತ್ತೇನೆ, ನಮ್ಮ ಕಡೆ ಬೇಸಿಗೆಯಲ್ಲಿ ಅದೇನು ಹೊಸದಲ್ಲ ಅಲ್ವಾ. ಹಾಗೆ ನಿಂತಿರುವಾಗಲೇ ಬಾಗಿಲ ಸಂದಿಯಿಂದ ನೀರು ಬರುತ್ತದೆ. ಕನಸಿನೊಳಗೆ ಇನ್ನೊಂದು ಕನಸು. ಕನಸಿನಲ್ಲಿ ಸ್ವಿಚ್ ಒತ್ತಿದರೆ ಬೆಳಕು ಸರಿಯಾಗಿ ಬರುವುದಿಲ್ಲ ಅನ್ನುವುದನ್ನು ಕೀತ್ ಹರ್ನ್ ಅನ್ನುವ ಬ್ರಿಟಿಷ್ ಸಂಶೋಧಕರು 1981ರಲ್ಲೇ ಬರೆದಿದ್ದಾರಂತೆ. ಆಗ ನನಗೆ ಅದೇನೂ ಗೊತ್ತಿರಲಿಲ್ಲ. ನಿಜವಾಗಿ ಎದ್ದ ಮೇಲೂ ಎದ್ದಿದ್ದೇನಾ ಇಲ್ಲವಾ ಅಂತ ಅನುಮಾನ ಶುರುವಾಯಿತು, ಕನಸಿನಲ್ಲಾದರೆ ಬರಹ ಮತ್ತೆ ಓದುವಾಗ ಬದಲಾಗಿರುತ್ತದಂತೆ, ಅದಕ್ಕೇ ಮಿಲ್‌ನಲ್ಲಿ ಕೂತು ತೂಕದ ಚೀಟಿಯನ್ನು ಮತ್ತೆ ಮತ್ತೆ ಓದಿ ಅಕ್ಷರ ಬದಲಾಗುತ್ತದಾ ಅಂತ ನೋಡುತ್ತಿದ್ದೆ.

ಇದಕ್ಕಿಂತ ದೊಡ್ಡ ನಷ್ಟ ಬೇರೆ. ಪ್ರತಿ ಸಲ ಹೆದರಿಕೆ ತುತ್ತತುದಿಗೆ ಏರಿದಾಗಲೇ ನಾನು ಓಡಿ ಎದ್ದೆ. ಅಂದರೆ ಪ್ರತಿ ಸಲ ಮನಸ್ಸಿಗೆ ಸಿಕ್ಕ ಪಾಠ ಒಂದೇ: ಆ ನೀರು ನಿಜಕ್ಕೂ ಕೊಲ್ಲುತ್ತಿತ್ತು, ಇವತ್ತು ಹೇಗೋ ಪಾರಾದೆ. ನೀರು ಬಂದ ಮೇಲೆ ಏನಾಗುತ್ತದೆ ಅಂತ ನಾನು ಒಮ್ಮೆಯೂ ನೋಡಲಿಲ್ಲ. ಹಾಗಾಗಿ ಕನಸು ಮುಂದಕ್ಕೆ ಹೋಗಲೇ ಇಲ್ಲ. ಹಾಸಿಗೆ ಕಂಡರೆ ಭಯ ಬಂತು. ರಾತ್ರಿ ಚಹಾ ಕುಡಿದು ಫೋನ್ ನೋಡುತ್ತಾ ಕೂತೆ. ನಿದ್ದೆ ಕಟ್ಟಿದರೆ ಮೆದುಳು ರೆಮ್ ನಿದ್ದೆಯ ಬಾಕಿಯನ್ನು ಆಮೇಲೆ ಒಟ್ಟಿಗೆ ವಸೂಲಿ ಮಾಡುತ್ತದೆ, ಕನಸು ಇನ್ನೂ ಜೋರಾಗಿ ಬೀಳುತ್ತದೆ. ಅದು ಸಾಲದು ಅಂತ ಕನಸನ್ನೇ ಹಿಡಿತಕ್ಕೆ ತಗೊಳ್ಳಲು ಬೆಳಗಿನ ಜಾವಕ್ಕೆ ಅಲಾರಂ ಇಟ್ಟು, ಎದ್ದು, ಮತ್ತೆ ಮಲಗುವ ಅಭ್ಯಾಸವನ್ನೂ ಮಾಡಿದೆ. ರೆಮ್ ನಿದ್ದೆ ರಾತ್ರಿಯ ಕೊನೆ ಭಾಗದಲ್ಲೇ ಜಾಸ್ತಿ, ಅದಕ್ಕೇ ಆ ಹೊತ್ತನ್ನು ಆರಿಸುತ್ತಾರೆ. ಖುಷಿಗೆ ಕನಸು ಕಾಣುವವರಿಗೆ ಅದು ಸರಿ ಇರಬಹುದು. ಮೊದಲೇ ನಿದ್ದೆಗೆಟ್ಟವನು ಅದನ್ನು ಮಾಡಬಾರದು. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಕೊನೆಗೆ ಅಕ್ಕ ಬೈದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನೀರು ಬಂದ್ ಮ್ಯಾಲ ಏನಾಗ್ತದ್ರಿ?" ನನಗೆ ಉತ್ತರ ಗೊತ್ತಿರಲಿಲ್ಲ. "ಹಂಗಾದ್ರ ನೀವೇ ಬರೀರಿ" ಅಂದರು.

ಚಿಕಿತ್ಸೆ ಇಷ್ಟೇ. ಹಗಲು ಹೊತ್ತಿನಲ್ಲಿ ಕನಸನ್ನು ಕಾಗದದ ಮೇಲೆ ಬರೆಯಬೇಕು. ಅದರಲ್ಲಿ ಏನು ಬೇಕಾದರೂ ಬದಲಾಯಿಸಬಹುದು, ಶುರು, ಮಧ್ಯ, ಕೊನೆ, ಯಾವುದಾದರೂ ಸರಿ. ಆಮೇಲೆ ಬದಲಾದ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಓಡಿಸಬೇಕು. ಹಳೆಯ ಕಥೆಯನ್ನಲ್ಲ, ಹೊಸದನ್ನು ಮಾತ್ರ. ಅಮೆರಿಕದ ಬ್ಯಾರಿ ಕ್ರಾಕೋ ಅನ್ನುವ ವೈದ್ಯರು ಲೈಂಗಿಕ ದೌರ್ಜನ್ಯದಿಂದ ನೊಂದು ವರ್ಷಗಟ್ಟಲೆ ಕೆಟ್ಟ ಕನಸು ಕಾಣುತ್ತಿದ್ದ 168 ಮಹಿಳೆಯರ ಜೊತೆ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರಿಗೆ ಕನಸು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು. ಗಮನಿಸಿ, ಇದಕ್ಕೆ ಕನಸಿನೊಳಗೆ ಇದು ಕನಸು ಅಂತ ಗೊತ್ತಾಗಲೇಬೇಕು ಅಂತಿಲ್ಲ. ಕೆಲಸ ನಡೆಯುವುದು ಹಗಲಲ್ಲಿ.

ನಾನು ಮೊದಲು ಬರೆದಿದ್ದು ಹೆಲಿಕಾಪ್ಟರ್ ಬಂದು ಇಬ್ಬರನ್ನೂ ಎತ್ತಿಕೊಂಡು ಹೋಗುವ ಕಥೆ. ಮನಸ್ಸು ಅದನ್ನು ಒಪ್ಪಲೇ ಇಲ್ಲ. ಎರಡನೆಯದು ಸಣ್ಣದು. ನಿಚ್ಚಣಿಕೆ ಮುಗಿಯುತ್ತದೆ, ನಾನು ಮಾಳಿಗೆ ಮುಟ್ಟುತ್ತೇನೆ, ಅವ್ವ ಸೆರಗಿನಲ್ಲಿ ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತಾಳೆ, ಇಬ್ಬರೂ ನೀರು ಇಳಿಯುವ ತನಕ ಕೂತು ತಿನ್ನುತ್ತೇವೆ. ಅಷ್ಟೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಿಲ್‌ನ ಹಿಂದೆ ಚೀಲಗಳ ಮೇಲೆ ಕೂತು ಇದನ್ನೇ ಓಡಿಸುತ್ತಿದ್ದೆ. ವಾರಗಳು ಕಳೆದ ಮೇಲೆ ಒಂದು ರಾತ್ರಿ ಕನಸಿನಲ್ಲಿ ನಿಚ್ಚಣಿಕೆ ನಿಜಕ್ಕೂ ಮುಗಿಯಿತು. ಮೇಲೆ ಅವ್ವ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ, ಬರೀ ಮಾಳಿಗೆ ಇತ್ತು. ಆದರೂ ನಾನು ಅಲ್ಲಿ ನಿಂತೆ. ಆಮೇಲೆ ಕನಸು ಬೇರೇನೋ ಆಗಿ ಮದುವೆ ಮನೆಗೆ ಹೋಯಿತು. ಬೆಳಿಗ್ಗೆ ಎದ್ದು ಅಕ್ಕನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ಕನಸು ಅಂತ ಗೊತ್ತಿದ್ದರೂ ಹೆದರಿಕೆ ಯಾಕೆ ಹೋಗುವುದಿಲ್ಲ, ನನಗೇನಾದರೂ ಹುಚ್ಚಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಆ ನಿದ್ದೆಯಲ್ಲಿ ಮೆದುಳಿನ ಭಯದ ಭಾಗ, ಅಮಿಗ್ಡಲಾ, ಜೋರಾಗಿ ಕೆಲಸ ಮಾಡುತ್ತಿರುತ್ತದೆ, ವಿಚಾರ ಮಾಡಿ ನೋಡುವ ಮುಂಭಾಗ ಮಂಕಾಗಿರುತ್ತದೆ. ಗೊತ್ತಾಗುವುದು ಬೇರೆ, ಹೆದರಿಕೆ ನಿಲ್ಲುವುದು ಬೇರೆ. ಕನಸಿನೊಳಗಿನ ಅರಿವು ಮಾತ್ರ ಸುಳ್ಳಲ್ಲ. ಮೇಲೆ ಹೇಳಿದ ಹರ್ನ್ ಅವರೇ 1975ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಇದನ್ನು ತೋರಿಸಿದರು. ನಿದ್ದೆಯಲ್ಲಿದ್ದ ವ್ಯಕ್ತಿ ಕನಸು ಅಂತ ಗೊತ್ತಾದ ಕೂಡಲೇ, ಮೊದಲೇ ಮಾತಾಡಿಕೊಂಡ ಹಾಗೆ ಕಣ್ಣುಗಳನ್ನು ಎಡಕ್ಕೆ ಬಲಕ್ಕೆ ಆಡಿಸಿದರು, ಯಂತ್ರದಲ್ಲಿ ಅದು ದಾಖಲಾಯಿತು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಕೂಡ ಇದೇ ರೀತಿ ತೋರಿಸಿದರು.

ಹಾಗಾಗಿ ಗೊತ್ತಾದ ಕ್ಷಣದಲ್ಲಿ ಮಾಡಬೇಕಾದ್ದು, ನನ್ನ ಪ್ರಕಾರ, ನಿಲ್ಲುವುದು. ಕಣ್ಣು ಮುಚ್ಚಬೇಡಿ. ಓಡಬೇಡಿ. ನಿಮ್ಮ ಕೈ ನೋಡಿಕೊಳ್ಳಿ, ಕಾಲ ಕೆಳಗಿನ ನೆಲ ನೋಡಿ, ನಾನು ಮಲಗಿದ್ದೇನೆ, ಇದು ನನಗೆ ಏನೂ ಮಾಡುವುದಿಲ್ಲ ಅಂತ ಹೇಳಿಕೊಳ್ಳಿ. ಯಾರಾದರೂ ಅಟ್ಟಿಸಿಕೊಂಡು ಬಂದರೆ ತಿರುಗಿ ನಿಂತು ನಿನಗೇನು ಬೇಕು ಅಂತ ಕೇಳಿ. ಕನಸಿನ ಶತ್ರುವಿನ ಜೊತೆ ಜಗಳಕ್ಕಿಂತ ಮಾತು ಮೇಲು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಥೋಲೆ ಕೂಡ ಹೇಳುತ್ತಿದ್ದರು. ಕನಸನ್ನು ಪೂರ್ತಿ ನಿಮ್ಮ ಕೈಗೆ ತಗೊಳ್ಳಲು ಹೋಗಬೇಡಿ, ಹಾರುವುದು, ಬೆಂಕಿ ಉಗುಳುವುದು ಏನೂ ಬೇಡ. ಒಂದು ವೇಳೆ ಎಚ್ಚರಾಗಿ ಮೈ ಆಡದಿದ್ದರೆ ಒದ್ದಾಡಬೇಡಿ. ಹೆದರಿದ ಹೋರಿಯ ಹಗ್ಗ ಜಗ್ಗಿದಷ್ಟೂ ಅದು ಹಿಂದಕ್ಕೆ ಜಗ್ಗುತ್ತದೆ, ಇದೂ ಹಾಗೇ. ಉಸಿರಿನ ಮೇಲೆ ಗಮನ ಇಟ್ಟು ಕಾಲಿನ ಹೆಬ್ಬೆರಳು ಆಡಿಸಲು ನೋಡಿ, ನನಗೆ ಅದರಿಂದ ಬೇಗ ಬಿಡುತ್ತಿತ್ತು. ಅಂಗಾತ ಮಲಗಿದಾಗ ಇದು ಜಾಸ್ತಿ, ಮಗ್ಗುಲಾಗಿ ಮಲಗಿ.

ಗಾಣಗಾಪುರಕ್ಕೆ ಹೋಗಿ ಬಾ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ನಾನು ಹೋಗಿದ್ದೆ. ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ನನ್ನನ್ನು ಹೆದರಿಸಿದ ಅದೇ ಹೊಳೆಗೆ ಇಳಿದು ಮುಳುಗು ಹಾಕಿದೆ, ಮನಸ್ಸು ಹಗುರಾಯಿತು. ಹೋಗಿ ಬನ್ನಿ. ಆದರೆ ಡಾಕ್ಟರನ್ನು ಬಿಟ್ಟು ಅಲ್ಲ. ನೀವು ಬೇರೆ ಏನಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಬಿಪಿಗೆ ಕೊಡುವ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್ ಕೆಲವರಿಗೆ ಕೆಟ್ಟ ಕನಸು ತರುತ್ತವೆ. ನೀವೇ ನಿಲ್ಲಿಸಬೇಡಿ, ಕೇಳಿ. ನಿದ್ದೆಗೆ ಅಂತ ಕುಡಿಯುವವರಿಗೂ ಒಂದು ಮಾತು: ಕುಡಿದರೆ ರಾತ್ರಿಯ ಮೊದಲರ್ಧ ಕನಸು ಕಡಿಮೆ ಆಗುತ್ತದೆ, ಎರಡನೇ ಅರ್ಧದಲ್ಲಿ ಇನ್ನೂ ಜೋರಾಗಿ ಬರಬಹುದು. ನಿದ್ದೆಯಲ್ಲಿ ಕೈಕಾಲು ಬೀಸಿ ಪಕ್ಕದವರಿಗೆ ಹೊಡೆಯುತ್ತಿದ್ದರೆ ಅದು ಬೇರೆ ಸಮಸ್ಯೆ, ತಡ ಮಾಡದೆ ತೋರಿಸಿ. ಆಸ್ಪತ್ರೆಗೆ ಹೋಗಲು ಮುಜುಗರ ಇದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಇಲ್ಲ.

ನಿಮ್ಮ ಕನಸು ಎಂಥದ್ದು ಅಂತ ನೀವು ಬರೆದಿಲ್ಲ, ಹಾಗಾಗಿ ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಬರೆಯಲು ಕೂತಾಗ ಎಲ್ಲಕ್ಕಿಂತ ಭಯಂಕರ ಕನಸಿನಿಂದ ಶುರು ಮಾಡಬೇಡಿ, ಕಡಿಮೆ ಹೆದರಿಸುವ ಒಂದನ್ನು ತಗೊಳ್ಳಿ. ಬಸ್ ತಪ್ಪುವುದು, ಪರೀಕ್ಷೆಯಲ್ಲಿ ಏನೂ ನೆನಪಾಗದಿರುವುದು, ಅಂಥದ್ದು. ಅದರ ಮೇಲೆ ಕೈ ಪಳಗಿದ ಮೇಲೆ ಆ ದೊಡ್ಡದಕ್ಕೆ ಬನ್ನಿ. ಅದು ನಿಮ್ಮ ಮೇಲೆ ನಿಜವಾಗಿ ನಡೆದ ಹಿಂಸೆಯ ನೆನಪಾಗಿದ್ದರೆ ಒಬ್ಬರೇ ಕೂತು ಬರೆಯಬೇಡಿ, ಡಾಕ್ಟರ ಎದುರೇ ಬರೆಯಿರಿ.