ಮೊದಲೇ ಮಾರಿದವನಿಗೆ 214, ಉಳಿಸಿಕೊಂಡವನಿಗೆ 33

ಪತ್ರ: ಕೊರೊನಾ ವರ್ಷ ಗುತ್ತಿಗೆಗೆ ತಗೊಂಡ ಹೊಲದಲ್ಲಿ ಸೇವಂತಿಗೆ ಹಾಕಿದ್ದೆ. ಹೂ ಕೀಳಿಸಿದ ಕೂಲಿಯೂ ಹುಟ್ಟದೆ ಹಾಗೇ ಉಳುಮೆ ಹೊಡೆಸಿದೆ. ಪಹಣಿ ನನ್ನ ಹೆಸರಲ್ಲಿಲ್ಲ, ಪರಿಹಾರ ಬರಲಿಲ್ಲ. ಅಮೆರಿಕದಲ್ಲಿ ದನ ಸಾಕುವವರಿಗೆ ತಲೆಗಿಷ್ಟು ಅಂತ ಡಾಲರ್ ಕೊಟ್ಟರಂತೆ. ಅಲ್ಲಿ ನನ್ನಂಥವರಿಗೂ ಸಿಕ್ಕಿತಾ?
– ಹೂ ಬೆಳೆಗಾರ, ಕೋಲಾರ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಸಂಕಟವಾಯಿತು. ನೀವು ಕೇಳಿದ್ದು ನಿಜ, ಅಲ್ಲಿ ತಲೆ ಲೆಕ್ಕದಲ್ಲೇ ಕೊಟ್ಟರು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ 1,900 ಕೋಟಿ ಡಾಲರ್ ಘೋಷಿಸಿತು. ಅದರಲ್ಲಿ 1,600 ಕೋಟಿ ನೇರವಾಗಿ ರೈತರ ಕೈಗೆ.

ಆದರೆ ಲೆಕ್ಕ ಹಾಕಿದ ರೀತಿ ನೋಡಿ. ಕೊಬ್ಬಿಸಿ ಮಾಂಸಕ್ಕೆ ಕಳಿಸುವ ದನವನ್ನು ಜನವರಿ 15ರಿಂದ ಏಪ್ರಿಲ್ 15ರ ಒಳಗೆ ಮಾರಿದ್ದರೆ ತಲೆಗೆ 214 ಡಾಲರ್. ಅದೇ ದನ ಅದಾದ ಮೇಲೆ, ಮೇ 14ರವರೆಗೆ, ಕೊಟ್ಟಿಗೆಯಲ್ಲೇ ಇದ್ದರೆ ಬರೀ 33. ಕೆಲಸಗಾರರಿಗೆ ಸೋಂಕು ತಗುಲಿ ದೊಡ್ಡ ದೊಡ್ಡ ಮಾಂಸದ ಕಾರ್ಖಾನೆಗಳು ಬಾಗಿಲು ಹಾಕಿದ್ದು ಏಪ್ರಿಲ್‌ನಲ್ಲಿ. ಮಾರೋಣವೆಂದರೂ ಕೊಳ್ಳುವವರಿಲ್ಲ, ಮೇವಿನ ಖರ್ಚು ದಿನಾ ಏರುತ್ತಿತ್ತು. ಅಂಥವರಿಗೇ ಕಡಿಮೆ ಸಿಕ್ಕಿತು! ಹಣ ಎರಡು ಬೇರೆ ಬೇರೆ ಬಾಬ್ತಿನಿಂದ ಬಂದದ್ದರಿಂದ ಹೀಗೆ ಎರಡು ದರ. ಸೆಪ್ಟೆಂಬರ್‌ನಲ್ಲಿ ಎರಡನೇ ಯೋಜನೆ ಬಂದು ತಲೆಗೆ 55 ಡಾಲರ್ ಕೊಟ್ಟಿತು ಅನ್ನುವುದನ್ನೂ ಹೇಳಬೇಕು.

ತಲೆ ಲೆಕ್ಕ ಅಂದ ಮೇಲೆ ಹೆಚ್ಚು ದನ ಇದ್ದವನಿಗೆ ಜಾಸ್ತಿ ದುಡ್ಡು, ಅಲ್ವಾ? ಒಬ್ಬನಿಗೆ ಎರಡೂವರೆ ಲಕ್ಷ ಡಾಲರ್ ಮಿತಿ ಇತ್ತು. ಕಂಪನಿಯಾದರೆ ಏಳೂವರೆ ಲಕ್ಷದವರೆಗೆ. ಕರ್ನಾಟಕದಲ್ಲಿ ಆ ಮೇ ತಿಂಗಳು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ ಎಂದರು. ಮೊತ್ತ ಸಾಲದು, ಒಪ್ಪುತ್ತೇನೆ. ಆದರೆ ಒಂದೇ ಹೆಕ್ಟೇರಿಗೆ ಎಂಬ ಮಿತಿ ಸರಿಯಾದದ್ದೇ ಎಂದು ನನಗನ್ನಿಸುತ್ತದೆ.

ಇನ್ನು ನಿಮ್ಮಂಥವರ ವಿಷಯ. ಅಲ್ಲಿ ಕಂಪನಿಗೆ ಕೋಳಿ ಸಾಕಿಕೊಡುವವರು ಬಹಳ. ನಮ್ಮ ಬ್ರಾಯ್ಲರ್ ಶೆಡ್‌ಗಳ ಹಾಗೇ. ಮರಿ, ಮೇವು ಕಂಪನಿಯದು. ಶೆಡ್ಡು, ಸಾಲ, ದುಡಿಮೆ ಸಾಕುವವನದು. ಕಂಪನಿ ಮರಿ ಕಳಿಸುವುದನ್ನು ಕಡಿಮೆ ಮಾಡಿದರೆ ಶೆಡ್ಡು ಖಾಲಿ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕೋಳಿ ಅವನದಲ್ಲ ಎಂದು ಮೊದಲು ಅವನನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅವನೂ ಅರ್ಜಿ ಹಾಕಬಹುದು ಎಂದು ದಾರಿ ಸರಿಯಾಗಿ ತೆರೆದದ್ದು 2021ರ ಆಗಸ್ಟ್‌ನಲ್ಲಿ. ಕೋಳಿಯ ಮಾಲೀಕತ್ವ ಬಿಟ್ಟು ಅವನ ಆದಾಯ ಎಷ್ಟು ಕುಸಿಯಿತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದರು.

ಇದು ನಮಗೂ ಬೇಕು. ನಮ್ಮ ಭೂಸುಧಾರಣೆ ಕಾಯ್ದೆಯಲ್ಲಿ ಸಾಗುವಳಿ ಜಮೀನನ್ನು ಗುತ್ತಿಗೆಗೆ ಕೊಡಲು ಹೆಚ್ಚುಕಡಿಮೆ ಅವಕಾಶವೇ ಇಲ್ಲ. ಹಾಗಾಗಿ ಎಲ್ಲ ಬಾಯಿಮಾತಿನ ಒಪ್ಪಂದ, ಕೈಯಲ್ಲಿ ಚೀಟಿಯೂ ಇರುವುದಿಲ್ಲ. ನಾಟಿ ಮಾಡಿದವರು ಯಾರು ಅಂತ ಊರಿಗೆಲ್ಲ ಗೊತ್ತು. ಅಕ್ಕಪಕ್ಕದ ಹೊಲದವರ ಎದುರು ಮಹಜರು ಮಾಡಿ ಅದನ್ನೇ ಬೆಳೆ ಸಮೀಕ್ಷೆಯಲ್ಲಿ ಬರೆದುಕೊಂಡರೆ ಏನು ಕಷ್ಟ?

ಆ ಬೆಳೆಯಲ್ಲಿ ಸಸಿಗೆ, ಗೊಬ್ಬರಕ್ಕೆ, ಗುತ್ತಿಗೆಗೆ ಎಷ್ಟು ಹಾಕಿದ್ದಿರಿ? ಆ ಖರ್ಚಿನ ಲೆಕ್ಕ ಬರೆದು ಕಳಿಸಿ. ಹೆಸರು ಹಾಕದೆ ಪೂರ್ತಿ ಅಚ್ಚು ಮಾಡುತ್ತೇವೆ.